ಹವಾಯಿ ಚಪ್ಪಲಿಯ ಅಚ್ಚು

ಹನುಮಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವರ ಮನೆ ಒಡೆದದ್ದು ನನ್ನ ನಾಲಿಗೆ.

ಬಾಪೂಜಿ ನಗರದಲ್ಲಿ ನಮ್ಮಿಬ್ಬರದು ಎದುರುಬದುರು ಮನೆ. ಹನುಮಕ್ಕ ನಾಯಂಡಹಳ್ಳಿಯ ಊದುಬತ್ತಿ ಗೋಡೌನಿನಲ್ಲಿ ಇಪ್ಪತ್ತು ವರ್ಷ ಡಬ್ಬಿ ಅಂಟಿಸಿದವರು. ಅದು ಮುಚ್ಚಿದ ಮೇಲೆ ಕೈಕಾಗದದ ಕವರು, ಕಾರ್ಡು ಮಾಡಲು ಕೂತರು. ಬಣ್ಣಕ್ಕೆ ಅರಿಶಿನ, ಬೀಟ್‌ರೂಟು, ಟೀ ಡಿಕಾಕ್ಷನ್ನು. ಕಾಗದಕ್ಕೆ ಬಟ್ಟೆಯುಂಡೆಯಿಂದ ಒಂದೇ ದಿಕ್ಕಿಗೆ ಬಣ್ಣ ಸವರಿ, ನೆರಳಲ್ಲೇ ಒಣಗಿಸುತ್ತಿದ್ದರು. ಬಿಸಿಲಿಗಿಟ್ಟರೆ ಅರಿಶಿನ ಬಿಳಿಚಿಕೊಳ್ಳುತ್ತದೆ.

ಅಚ್ಚಿಗೆ ಮೊದಲು ಆಲೂಗಡ್ಡೆ ಕೆತ್ತುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಮೆತ್ತಗಾಗಿ ಗೆರೆಯೆಲ್ಲ ಕಲಸಿಹೋಗುತ್ತಿತ್ತು. ಒಂದು ದಿನ ಅಂಗಡಿಯಿಂದ ಹೊಸ ಹವಾಯಿ ಚಪ್ಪಲಿ ತಂದು, ನೆಲಕ್ಕೂ ತಾಗಿಸದೆ, ಅರಿಶಿನದ ನೀರಲ್ಲಿ ತೊಳೆದು, ಅದರ ರಬ್ಬರನ್ನು ಬ್ಲೇಡಿನಲ್ಲಿ ಕೆತ್ತಿದರು. ಲಕ್ಷ್ಮಿಯ ಪಾದ ಎಷ್ಟು ಚೆನ್ನಾಗಿ ಮೂಡಿತೆಂದರೆ, ಬೆರಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ವಿಷಯ ಗೊತ್ತಿದ್ದದ್ದು ಸೊಸೆ ರಮ್ಯಳಿಗೆ ಮತ್ತು ನನಗೆ ಮಾತ್ರ.

"ಹೊರಗೆ ಬಾಯಿ ಬಿಡಬೇಡ ಕಣೇ ಲತಾ. ಹೊಸದಾದ್ರೂ ಜನಕ್ಕೆ ಚಪ್ಪಲಿ ಚಪ್ಪಲಿನೇ," ಅಂದಿದ್ದರು.

ಅಚ್ಚೊತ್ತುವ ಕೆಲಸ ರಮ್ಯಳದು. ಬಣ್ಣವನ್ನು ಅಚ್ಚಿಗೆ ತಟ್ಟಬೇಕೇ ಹೊರತು ಬಳಿಯಬಾರದು, ಒತ್ತಿದ ಮೇಲೆ ಅಲ್ಲಾಡಿಸದೆ ನೇರಕ್ಕೆ ಎತ್ತಬೇಕು. ಅವಳ ಕೈಯಲ್ಲಿ ನೂರು ಒತ್ತಿದರೆ ಒಂದೂ ಕೆಡುತ್ತಿರಲಿಲ್ಲ. ಅತ್ತೆ ಬಣ್ಣ, ಸೊಸೆ ಅಚ್ಚು. ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ವರಮಹಾಲಕ್ಷ್ಮಿ ಹಬ್ಬಕ್ಕೆ ವಿಜಯನಗರದ ಶೋಭಾರಾಣಿಯವರು ತಾಂಬೂಲದ ಕವರು ಮಾಡಿಕೊಡಲು ಹೇಳಿದ್ದರು. ಅರಿಶಿನ ಕುಂಕುಮಕ್ಕೆ ನಾನೂ ಹೋದೆ. ರೇಷ್ಮೆ ಸೀರೆಯ ಹೆಂಗಸರೆಲ್ಲ ಕವರು ಹಿಡಿದು, "ಎಷ್ಟು ಚೆನ್ನಾಗಿದೆ, ಯಾವ ಬ್ಲಾಕು?" ಅನ್ನುತ್ತಿದ್ದರು. ಅಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ. ನನಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ ಎಂಬ ಜಂಬಕ್ಕೆ ನಕ್ಕು ಹೇಳಿಬಿಟ್ಟೆ: "ಯಾವ ಬ್ಲಾಕೂ ಅಲ್ಲ, ಹವಾಯಿ ಚಪ್ಪಲಿ!"

ಯಾರೂ ನಗಲಿಲ್ಲ. ಹೊಸ ಚಪ್ಪಲಿ ಎಂದು ಎರಡು ಸಲ ಹೇಳಿದೆ, ಯಾರ ಕಿವಿಗೂ ಬೀಳಲಿಲ್ಲ. ಒಬ್ಬರು ಎದ್ದು ಕೈ ತೊಳೆದುಕೊಂಡು ಬಂದರು. ಒಬ್ಬೊಬ್ಬರಾಗಿ ತಾಂಬೂಲವನ್ನು ಸೆರಗಿಗೆ ಹಾಕಿಕೊಂಡು ಕವರನ್ನು ದಿವಾನಿನ ಮೇಲೆ ಬಿಟ್ಟು ಹೋದರು. ನಾನೂ ನನ್ನದನ್ನು ಅಲ್ಲೇ ಬಿಟ್ಟು ಬಂದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಾರನೆಯ ದಿನವೇ ಶೋಭಾರಾಣಿಯವರ ಫೋನು ಬಂತು. ಚಪ್ಪಲಿ ಅಚ್ಚಿನ ಕವರು ಇನ್ನು ಬೇಡ ಎಂದು ಬಯ್ದು, ಯಾರು ಹೇಳಿದರೆಂದು ತಿಳಿಸದೆಯೇ ಇಟ್ಟುಬಿಟ್ಟರಂತೆ. ಹನುಮಕ್ಕ ನನ್ನೆದುರಿಗೇ ರಮ್ಯಳನ್ನು ಕೇಳಿದರು: "ಗೊತ್ತಿದ್ದಿದ್ದು ನಿಮ್ಮಿಬ್ಬರಿಗೆ. ಲತಾ ನನ್ನ ತಂಗಿ ಇದ್ದ ಹಾಗೆ. ಇನ್ಯಾರು ಹೇಳಿರ್ತಾರೆ?"

"ನಾನು ಹೇಳಿಲ್ಲ ಅತ್ತೆ," ಅಂದು ರಮ್ಯ ನನ್ನ ಮುಖ ನೋಡಿದಳು. ನಾನು ಟೀ ಲೋಟದ ತಳ ನೋಡಿದೆ.

ಅವತ್ತಿನಿಂದ ಹನುಮಕ್ಕ ಸೊಸೆಗೆ ಅಚ್ಚು ಮುಟ್ಟಲು ಬಿಡಲಿಲ್ಲ. ವಾರದಲ್ಲಿ ರಮ್ಯ ನಾಲ್ಕು ದಿನಕ್ಕೆಂದು ಕೆಂಗೇರಿಯ ತವರಿಗೆ ಹೋದವಳು ಎರಡು ತಿಂಗಳಾದರೂ ಬರಲಿಲ್ಲ. ಮಗ ನಾಗೇಂದ್ರ ಎರಡು ಮನೆಗೂ ಅಲೆದು ಸಣ್ಣಗಾದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿ ಕೆಡಿಸಿದ್ದಕ್ಕಿಂತ ಆಡದೆ ಕೆಡಿಸಿದ್ದೇ ಹೆಚ್ಚು.

ದೀಪಾವಳಿಗೆ ಮುಂಚೆ ಹನುಮಕ್ಕ ಮತ್ತೆ ಆಲೂಗಡ್ಡೆಯಲ್ಲೇ ಕೆತ್ತಿದ ಅಚ್ಚು ಹಿಡಿದು ನಮ್ಮ ಮನೆಗೆ ಬಂದರು.  ಅವರು ಒತ್ತಿ ತಂದಿದ್ದ ಕವರಿನ ಮೇಲೆ ಪಾದಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು.

"ನೀನು ಒತ್ತಿಕೊಡೇ. ನಂಬೋಕೆ ಅಂತ ಉಳಿದಿರೋಳು ನೀನೊಬ್ಬಳೇ," ಎಂದು ಅಚ್ಚನ್ನು ನನ್ನ ಕೈಗಿಟ್ಟರು.

ನನ್ನ ಕೈಲಾಗಲಿಲ್ಲ. "ಅಕ್ಕಾ, ಹೇಳಿದ್ದು ನಾನು," ಅಂದೆ.

ಅವರು ಬಯ್ಯಲಿಲ್ಲ. ನನ್ನ ಕೈಯಿಂದ ಅಚ್ಚು ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. "ನಾನು ಆ ಮಗುನ ಕೇಳ್ದಾಗ ನೀನು ಅಲ್ಲೇ ಕೂತಿದ್ದೆ ಅಲ್ವೇನೇ?" ಅಂದರು. ಮನೆಗೆ ಹೋಗಿ ಚೀಲ ಹಿಡಿದು ಬಂದರು. "ಏಳು, ಕೆಂಗೇರಿಗೆ ಹೋಗೋಣ. ನೀನು ಮಾಡಿದ್ದು ನೀನು ಹೇಳು, ನಾನು ಮಾಡಿದ್ದು ನಾನು ಹೇಳ್ತೀನಿ."

ಮೆಟ್ರೋದಲ್ಲಿ ನನ್ನ ಪಕ್ಕ ಜಾಗವಿದ್ದರೂ ಹನುಮಕ್ಕ ನಿಂತೇ ಬಂದರು.

ಬಾಗಿಲು ತೆಗೆದ ರಮ್ಯಳಿಗೆ, "ನಾನು ಕಣಮ್ಮ ಹೇಳಿದ್ದು," ಅಂದೆ.

"ಗೊತ್ತು ಆಂಟಿ. ಅವತ್ತೇ ಗೊತ್ತಾಯ್ತು."

"ಮತ್ತೆ ನನಗೆ ಯಾಕೆ ಹೇಳಲಿಲ್ವೇ?" ಹನುಮಕ್ಕ ಕೇಳಿದರು.

"ಹೇಳಿದ್ರೆ ನಂಬ್ತಿದ್ರಾ ಅತ್ತೆ?"

 "ತಪ್ಪಾಯ್ತು ಮಗಾ," ಎಂದಷ್ಟೇ ಹೇಳಿ, ಹನುಮಕ್ಕ ಚೀಲದಿಂದ ಆ ರಬ್ಬರಿನ ಅಚ್ಚು ತೆಗೆದು ಅವಳ ಮುಂದೆ ಹಿಡಿದರು. ರಮ್ಯ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಆಮೇಲೆ ನೀರು ತಂದಳು. ಅತ್ತೆಯ ಲೋಟವನ್ನು ಕೈಗೆ ಕೊಟ್ಟಳು. ನನ್ನದನ್ನು ನೆಲದ ಮೇಲಿಟ್ಟಳು. ನಾನು ಬಗ್ಗಿ ಎತ್ತಿಕೊಂಡು ಕುಡಿದೆ.