ಸ್ಕೆಲ್‌ಗಾರ್ತ್ ಹೆಸರಿನ ನಾಲ್ಕು ಹೆಗಲು

ದೀನಾ ಸ್ಕೆಲ್‌ಗಾರ್ತ್ ಬಗ್ಗೆ ಚರ್ಚಿನ ಪತ್ರಿಕೆಗೆ ಅರ್ಧ ಪುಟ ಬರೆದುಕೊಡಿ ಅಂತ ಪಾದ್ರಿಗಳು ನನಗೆ ಹೇಳಿದರು. ಅವಳಿಗೆ ಎಂಬತ್ತು ತುಂಬುತ್ತದಲ್ಲ, ಅದಕ್ಕೆ. ಒಳ್ಳೆಯ ಮಾತೇ ಇರಲಿ ನೆಲ್, ಅಂತ ಎರಡೆರಡು ಸಲ ಹೇಳಿಹೋದರು. ಅರ್ಧ ಪುಟದಲ್ಲಿ ಹಿಡಿಸುವ ಹೆಂಗಸಲ್ಲ ಅವಳು. ಬರೀ ಒಳ್ಳೆಯ ಮಾತು ಬರೆಯುವಷ್ಟು ಒಳ್ಳೆಯವಳು ನಾನೂ ಅಲ್ಲ. ಪತ್ರಿಕೆಗೆ ಕೊಡದಿದ್ದರೆ ಬೇಡ, ನಾನಂತೂ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮ ಕಣಿವೆ ಬಿಟ್ಟು ಗುಡ್ಡ ದಾಟಿದರೆ ಸ್ಕೆಲ್‌ಗಾರ್ತ್ ಅನ್ನುವ ಹೆಸರು ಯಾರಿಗೂ ಗೊತ್ತಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಆ ಹೆಸರು ಹೇಳಿದರೆ ಬರೆದುಕೊಳ್ಳುವ ಹುಡುಗಿ ಪೆನ್ನು ಎತ್ತಿ ಮುಖ ನೋಡುತ್ತಾಳೆ. ಆದರೆ ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಒಬ್ಬ ಸ್ಕೆಲ್‌ಗಾರ್ತ್ ತಲೆಗೇ ಬೀಳುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗುವಾಗ ಮೇಡಂ ಬರೀ ಹೆಸರು ಕೂಗಿದರೆ ಆರು ಜನ ಎದ್ದುನಿಲ್ಲುತ್ತಿದ್ದರು, ಹಾಗಾಗಿ ಮೇಲ್ಮನೆಯ ಇಂಥವನು, ಹಳ್ಳದ ಮನೆಯ ಇಂಥವಳು ಅಂತ ಸೇರಿಸಿ ಕೂಗಬೇಕಾಗಿತ್ತು. ಚರ್ಚಿನ ಹಿತ್ತಲಲ್ಲಿ ನಿಂತ ಗೋರಿಕಲ್ಲುಗಳಲ್ಲಿ ಅರ್ಧಕ್ಕರ್ಧ ಅವರವೇ.

ಆಮೇಲೆ ಏನಾಯಿತು ಅಂದರೆ, ಒಂದು ಯುದ್ಧ ಒಂದಷ್ಟು ಗಂಡಸರನ್ನು ತಿಂದಿತು, ಇನ್ನೊಂದು ಯುದ್ಧ ಇನ್ನೊಂದಷ್ಟು ಜನರನ್ನು. ಮೂರು ಸಂಸಾರ ಕೆನಡಾಕ್ಕೆ ಹಡಗು ಹತ್ತಿತು. ಕಲ್ಲಿನ ಗಣಿಯ ದೂಳಿಗೆ ಕೆಮ್ಮಿ ಕೆಮ್ಮಿ ಹೋದವರೂ ಉಂಟು. ಹೆಣ್ಣುಮಕ್ಕಳು ಮದುವೆಯಾಗಿ ಗಂಡನ ಹೆಸರಿಗೆ ಹೋದರು. ನನ್ನ ಅಜ್ಜಿಯೂ ಹಾಗೆ ಹೋದವಳೇ, ನನ್ನ ಈ ಗಿಣಿಮೂಗು ಅವರ ಮನೆಯದೇ. ಮೂಗು ಯಾರ ಲೆಕ್ಕಕ್ಕೂ ಬರುವುದಿಲ್ಲ, ಹೆಸರು ಬರುತ್ತದೆ.

ಆ ಹೆಸರಿನ ಜಂಬ ಹೊತ್ತು ಮೆರೆದವನು ದೀನಾಳ ಅಪ್ಪ ಐಸಾಕ್. ಹತ್ತೊಂಬತ್ತರ ಹುಡುಗಿ ಮದುವೆಯಿಲ್ಲದೆ ಬಸುರಿಯಾದಾಗ ಅವನು ಅವಳ ಬಟ್ಟೆಗಂಟನ್ನು ಅಂಗಳದ ಕೆಸರಿಗೆ ಎಸೆದ. ಅಣ್ಣ ಜೋನಸ್ ಬಾಗಿಲಲ್ಲಿ ಕೈಕಟ್ಟಿಕೊಂಡು ನಿಂತು ನೋಡಿದ. ತಡೆಯಲಿಲ್ಲ, ಕೆಸರಿನಿಂದ ಗಂಟು ಎತ್ತಿಕೊಡಲೂ ಇಲ್ಲ. ನಾನು ಆಗ ಎದುರುಗಡೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಬೇರೆಯವರಾಗಿದ್ದರೆ ದೊಡ್ಡ ಊರಿಗೆ ಹೋಗಿ ತಲೆಮರೆಸಿಕೊಳ್ಳುತ್ತಿದ್ದರು. ಇವಳು ಎಲ್ಲೋ ಹೋಗಿ ಹೆತ್ತು, ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು, ಭಾನುವಾರ ಜನ ಚರ್ಚಿನಿಂದ ಹೊರಬರುವ ಹೊತ್ತಿಗೆ ಸರಿಯಾಗಿ ಬಸ್ಸಿಂದ ಇಳಿದಳು. ಹಳ್ಳದ ಪಕ್ಕ ನಮ್ಮತ್ತೆಯ ಎರಡು ಕೋಣೆಯ ಹಳೇ ಮನೆಯಿತ್ತು, ಅಲ್ಲಿ ಸೇರಿಕೊಂಡಳು. ಕೂಸಿನ ಅಪ್ಪ ಯಾರು ಅಂತ ಅಂದು ಕೇಳಿದವರಿಗೂ ಹೇಳಲಿಲ್ಲ, ಇಂದು ಕೇಳಿದರೂ ಹೇಳುವುದಿಲ್ಲ. ಹುಡುಗನಿಗೆ ತನ್ನ ಮನೆತನದ ಹೆಸರನ್ನೇ ಇಟ್ಟಳು: ಎಡ್ವಿನ್ ಸ್ಕೆಲ್‌ಗಾರ್ತ್.

"ಆ ಹೆಸರು ಇಡೋಕೆ ನಿನಗೆ ಹಕ್ಕಿಲ್ಲ" ಅಂತ ಜೋನಸ್ ಅಂಗಡಿ ಮುಂದೆ ನಿಲ್ಲಿಸಿ ಅಂದ.

"ನನಗೆ ಅಪ್ಪ ಕೊಟ್ಟಿದ್ದು ಅದೊಂದೇ ಕಣೋ. ವಾಪಸ್ ಬೇಕಿದ್ರೆ ಬಂದು ಕಿತ್ಕೊಂಡು ಹೋಗು" ಅಂದಳು ದೀನಾ.

ಹೋಟೆಲಿನ ಹಾಸಿಗೆಬಟ್ಟೆ ಒಗೆದಳು. ಕ್ರಿಸ್‌ಮಸ್‌ಗೆ ಬಾತುಕೋಳಿಯ ಪುಕ್ಕ ಕಿತ್ತಳು. ಕುರಿ ಮರಿಹಾಕುವ ಚಳಿಯಲ್ಲಿ ಕಂಡವರ ಕೊಟ್ಟಿಗೆಯಲ್ಲಿ ಮೊಣಕೈವರೆಗೆ ರಕ್ತ ಮಾಡಿಕೊಂಡು ಮರಿ ಎಳೆದಳು. ಊರಿನವರು ಕೆಲಸಕ್ಕೆ ಕರೆದರು, ಹುಡುಗನನ್ನು 'ದೀನಾಳ ಎಡ್ವಿನ್' ಅಂತ ಕರೆದರು. ಮನೆತನದ ಹೆಸರು ಹಿಡಿದು ಅವನನ್ನು ಕರೆದವರು ಒಬ್ಬರೂ ಇಲ್ಲ. ನಾನು ಕರೆದೆನಾ? ನಾನೂ ಇಲ್ಲ, ಊರ ಬಾಯಿಗೆ ನನ್ನ ಬಾಯಿ ಸೇರಿಹೋಗಿತ್ತು.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಲೇಬೇಕು. ಸತ್ತವರ ಪೆಟ್ಟಿಗೆ ಚರ್ಚಿನ ಗೇಟಿನವರೆಗೆ ಯಾರ ಹೆಗಲ ಮೇಲಾದರೂ ಬರಬಹುದು. ಗೇಟಿನಿಂದ ಗುಂಡಿಯವರೆಗೆ ಮಾತ್ರ ಅದೇ ಮನೆತನದ ಹೆಸರಿನವರು ಹೊರಬೇಕು, ನಾಲ್ಕು ಹೆಗಲು. ನಾಲ್ಕು ಹೆಗಲು ಸಿಗದವರನ್ನು ಕೈಗಾಡಿಯ ಮೇಲೆ ಹಾಕಿ ತಳ್ಳುತ್ತಾರೆ. ಗಾಡಿ ಇರುವುದು ಪರವೂರಿನವರಿಗೆ, ಗುಡ್ಡದಲ್ಲಿ ಸತ್ತು ಸಿಕ್ಕಿದ ಅನಾಥರಿಗೆ. 'ನೀನು ಗಾಡಿ ಮೇಲೆ ಹೋಗ' ಅನ್ನುವುದು ನಮ್ಮಲ್ಲಿ ದೊಡ್ಡ ಬೈಗುಳ. ಆ ಗಾಡಿ ತಳ್ಳುವವನು, ಗುಂಡಿ ತೋಡುವವನು ನನ್ನ ಗಂಡ ವಿಲ್ಫ್, ಅವನಿಗಿಂತ ಮುಂಚೆ ಅವನ ಅಪ್ಪ.

ಐಸಾಕ್ ಸತ್ತಾಗ ಊರಲ್ಲಿ ಆ ಹೆಸರಿನ ಗಂಡಸರು ಜೋನಸ್, ಚಿಕ್ಕಪ್ಪ ರೂಬೆನ್, ಮತ್ತೊಬ್ಬ ದಾಯಾದಿ, ಇಷ್ಟೇ. ನಾಲ್ಕನೆಯವನು ಎಡ್ವಿನ್. ಹದಿನಾರರ ಹುಡುಗ, ಆಗಲೇ ಜೋನಸ್‌ಗಿಂತ ಒಂದು ಗೇಣು ಎತ್ತರ. ಅಮ್ಮ ಇಸ್ತ್ರಿ ಮಾಡಿಕೊಟ್ಟ ಕೋಟು ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಯಾರೂ ಕರೆದಿರಲಿಲ್ಲ. ಅಜ್ಜ ಅಲ್ಲವಾ ಅಂತ ಬಂದಿದ್ದ. ಪೆಟ್ಟಿಗೆ ಗೇಟಿಗೆ ಬಂತು, ಹುಡುಗ ಹೆಗಲು ಕೊಡಲು ಮುಂದೆ ಬಂದ. ಜೋನಸ್ ಅವನ ಎದೆಗೆ ಅಂಗೈ ಇಟ್ಟು ಹಿಂದಕ್ಕೆ ನೂಕಿದ.

"ನಮ್ಮವರು ಹೊರ್ತಾರೆ" ಅಂದ.

"ನಮ್ಮವರು ಮೂರೇ ಜನ ಕಣೋ ಜೋನಸ್" ಅಂದ ರೂಬೆನ್, ಮೆಲ್ಲಗೆ.

"ಹಾಗಾದ್ರೆ ಗಾಡಿ ತನ್ನಿ."

ಹೆಸರಿನ ಜಂಬದಲ್ಲೇ ಬದುಕಿದ ಮುದುಕನನ್ನು ಅವನ ಸ್ವಂತ ಮಗ ಗಾಡಿ ಮೇಲೆ ಹಾಕಿಸಿದ, ಮೊಮ್ಮಗನ ಹೆಗಲು ಮೂರಡಿ ದೂರದಲ್ಲಿ ಇದ್ದಾಗ. ಹಿಂದಿನ ದಿನ ಮಳೆಯಾಗಿತ್ತು, ಹಳೇ ಮರದ ತಿರುವಿನಲ್ಲಿ ಚಕ್ರ ಹೂತುಕೊಂಡಿತು, ನನ್ನ ಮಾವ ಬೆವರು ಒರೆಸಿಕೊಂಡು ಎಳೆದರು. ದೀನಾ ಗೋಡೆಯಾಚೆ ರಸ್ತೆಯಲ್ಲಿ ನಿಂತು ಎಲ್ಲ ನೋಡಿದಳು. ಅಳಲಿಲ್ಲ. ಮಗನ ಕೋಟಿನ ಎದೆ ಮೇಲೆ ಬಿದ್ದ ಮಣ್ಣಿನ ಕೈಗುರುತನ್ನು ಕೊಡವಿ ಮನೆಗೆ ಕರೆದುಕೊಂಡು ಹೋದಳು.

ವರ್ಷಗಳು ಕಳೆದವು. ರೂಬೆನ್ ಹೋದ, ದಾಯಾದಿ ಹೋದ. ಜೋನಸ್‌ಗೆ ಮಕ್ಕಳಾಗಲಿಲ್ಲ. ಎಡ್ವಿನ್ ಕಲ್ಲುಗೋಡೆ ಕಟ್ಟುವ ಕೆಲಸ ಕಲಿತ, ಮದುವೆಯಾದ, ಆನಿಸ್, ರೂತ್ ಅಂತ ಎರಡು ಹೆಣ್ಣು, ಗೈ ಅಂತ ಒಂದು ಗಂಡು. ಮೂವರೂ ಅಜ್ಜಿಯ ಹಾಗೆ ಗಟ್ಟಿಮುಟ್ಟು.

ಆಗ ತೆಂಕಣದಿಂದ ಒಬ್ಬ ಮನುಷ್ಯ ಬಂದ. ಪರ್ಸಿವಲ್ ಸ್ಕೆಲ್‌ಗಾರ್ತ್ ಅಂತ, ನಿವೃತ್ತ ದಂತವೈದ್ಯ. ಲಂಡನ್ ಆಚೆ ಎಲ್ಲೋ ಮನೆ. ಜಗತ್ತಿನಲ್ಲಿ ತನ್ನ ಹೆಸರಿನವರು ಎಷ್ಟು ಜನ, ಎಲ್ಲೆಲ್ಲಿದ್ದಾರೆ ಅಂತ ಹುಡುಕುವುದೇ ಅವನ ಹುಚ್ಚು. ಪಾಪ, ಕೆಟ್ಟವನಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿ ಸಂಜೆ ಎಲ್ಲರನ್ನೂ ಸೇರಿಸಿ, ಚಹಾ, ಚೀಸ್, ಹಣ್ಣಿನ ಕೇಕು ಕೊಟ್ಟು, ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿದ. ಆ ಹೆಸರಿನ ಒಬ್ಬೊಬ್ಬರಿಗೆ ಒಂದೊಂದು ಕೆಂಪು ಗುಂಡುಸೂಜಿ. ತೆಂಕಣದಲ್ಲಿ ಏಳೆಂಟು, ಸಮುದ್ರದಾಚೆಯ ಕೆನಡಾದಲ್ಲಿ ಒಂದು ಹಿಡಿ, ನಡುವೆ ಇಡೀ ದೇಶ ಬೋಳು. ಎಲ್ಲರ ಮೂಲವೂ ಈ ಒಂದೇ ಕಣಿವೆ, ಇಲ್ಲಿ ಒಂದು ಕಾಲಕ್ಕೆ ನೂರಕ್ಕೆ ಹತ್ತಿರ ಜನ ಇದ್ದರು ಅಂದ. ಆಮೇಲೆ ದನಿ ಇಳಿಸಿ, "ಇವತ್ತು ಇಲ್ಲಿ ಉಳಿದಿರೋದು ಒಂದೇ ಸೂಜಿ. ನಮ್ಮ ಜೋನಸ್ ಅವರು. ಅವರೇ ಕೊನೆಯವರು" ಅಂದ.

ಮುಂದಿನ ಸಾಲಿನಲ್ಲಿ ಜೋನಸ್ ಎದೆಯುಬ್ಬಿಸಿ ಕೂತಿದ್ದ. ಮೂರನೇ ಸಾಲಿನಲ್ಲಿ ಎಡ್ವಿನ್ ಸಂಸಾರಸಮೇತ ಕೂತು ಕೇಕು ತಿನ್ನುತ್ತಿದ್ದ. ನಾನು ಎಲ್ಲರ ಮುಖ ನೋಡಿದೆ. ಎಲ್ಲರಿಗೂ ಗೊತ್ತು, ಒಬ್ಬರ ಬಾಯೂ ಬಿಚ್ಚಲಿಲ್ಲ. ನನ್ನ ಊರಿನ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ದೀನಾ ಎದ್ದಳು. "ರೀ ಸ್ವಾಮಿ, ಈ ಲೆಕ್ಕ ನಿಮಗೆ ಯಾರು ಕೊಟ್ರು?"

ಪರ್ಸಿವಲ್ ತಬ್ಬಿಬ್ಬಾದ. "ಟೆಲಿಫೋನ್ ಪುಸ್ತಕದಲ್ಲಿ ಇನ್ನೊಂದು ಮನೆ ಇತ್ತು ಮೇಡಂ. ನಾನು ಜೋನಸ್ ಅವರನ್ನ ಕೇಳಿದೆ. ಅವರು ನಮ್ಮವರಲ್ಲ, ಬರೀ ಹೆಸರು ಹಾಕ್ಕೊಂಡಿದ್ದಾರೆ ಅಂದ್ರು."

"ಆ ಸೂಜಿ ಡಬ್ಬಿ ಇಲ್ಲಿ ಕೊಡಿ."

ಕೊಟ್ಟ. ಅವಳು ನಕ್ಷೆಯ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡಳು. "ಇದು ನಾನು. ಇದು ನನ್ನ ಮಗ ಎಡ್ವಿನ್. ಆನಿಸ್, ಎದ್ದು ನಿಲ್ಲು, ಮುಖ ನೋಡ್ಲಿ. ರೂತ್. ಗೈ, ಬಾಯಲ್ಲಿರೋದು ನುಂಗು ಮೊದಲು. ಸೊಸೆ ಮದುವೆಯಾಗಿ ಬಂದೋಳು, ಅವಳು ಲೆಕ್ಕಕ್ಕೆ ಬರ್ತಾಳೋ ಇಲ್ವೋ ನಿಮಗೇ ಬಿಟ್ಟಿದ್ದು. ನನ್ನ ಕೈಲಿ ಸೂಜಿ ಮಿಕ್ಕಿದೆ, ಚುಚ್ತೀನಿ." ಒಂದೇ ಜಾಗಕ್ಕೆ ಅಷ್ಟು ಸೂಜಿ ಚುಚ್ಚಿ ಕಾಗದ ಹರಿದುಹೋಯಿತು. ಆಮೇಲೆ ತಿರುಗಿ ಅಣ್ಣನನ್ನು ನೋಡಿದಳು. "ಕೊನೆಯವನಂತೆ. ಒಬ್ಬನೇ ಮೆರೀಬೇಕು ಅಂತ ಆಸೆ ಅಲ್ವೇನೋ ನಿನಗೆ. ಮೆರೆ."

ಜೋನಸ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತಿದ್ದ. ಪರ್ಸಿವಲ್ ಕ್ಷಮೆ ಕೇಳಿದ, ಹೊಸ ನಕ್ಷೆ ಮಾಡಿಸುತ್ತೇನೆ ಅಂದ. ದೀನಾ ತಟ್ಟೆಯಲ್ಲಿ ಉಳಿದಿದ್ದ ಕೇಕನ್ನು ಮೊಮ್ಮಕ್ಕಳಿಗೆ ಕಟ್ಟಿಸಿಕೊಂಡು ಹೋದಳು.

ಆ ಚಳಿಗಾಲ ಜೋನಸ್ ಹಾಸಿಗೆ ಹಿಡಿದ. ನಾವು ಊರವರು ಸರದಿಯಲ್ಲಿ ಗಂಜಿ, ಸಾರು ಒಯ್ಯುತ್ತಿದ್ದೆವು. ಒಂದು ಬೆಳಿಗ್ಗೆ ನಾನು ಹೋದಾಗ ಕೈ ಹಿಡಿದುಕೊಂಡ. "ನೆಲ್, ನಿನ್ನ ಗಂಡನಿಗೆ ಹೇಳು. ನನ್ನನ್ನ ಗಾಡಿ ಮೇಲೆ ಹಾಕಬೇಡ ಅಂತ."

"ಹೆಗಲು ಎಲ್ಲಿಂದ ತರ್ತೀಯ?" ಅಂದೆ. ಸಾಯುವವನ ಹತ್ತಿರ ಹಾಗೆ ಅನ್ನಬಾರದು, ಅಂದೆ.

ಅವನು ನನ್ನ ಕೈ ಬಿಟ್ಟ. "ದೀನಾನ್ನ ಕರಿ."

ನಾನೇ ಹೋಗಿ ಕರೆದೆ. ಬರಲಾರಳು ಅಂದುಕೊಂಡಿದ್ದೆ, ಏಪ್ರನ್ ಬಿಚ್ಚದೆ ಹಾಗೇ ಬಂದಳು. ಮಂಚದ ಹತ್ತಿರ ಹೋಗಲಿಲ್ಲ, ಬಾಗಿಲಲ್ಲೇ ಕೈಕಟ್ಟಿಕೊಂಡು ನಿಂತಳು.

"ದೀನಾ, ನಿನ್ನ ಹುಡುಗ ಮತ್ತೆ ಅವನ ಮಕ್ಕಳು..."

"ಹುಡುಗ ಅಲ್ಲ, ಅವನಿಗೂ ತಲೆ ನರೆತಿದೆ. ಅವನಿಗೆ ಹೆಸರಿದೆ."

"ಎಡ್ವಿನ್."

"ಪೂರ್ತಿ ಹೇಳು ಜೋನಸ್. ಹೇಳಿ, ಹೊರು ಅಂತ ಕೇಳು. ಈಗಲೇ ಓಡಿ ಬರ್ತಾನೆ, ಅವನು ನನ್ನ ಹಾಗಲ್ಲ."

ಅವನ ತುಟಿ ಅಲುಗಿತು. ನಾನು ಸಾರಿನ ಬಟ್ಟಲು ಹಿಡಿದು ನಿಂತಿದ್ದೆ. ಹೇಳಿಬಿಡೋ ಮುದುಕ, ಒಂದು ಮಾತು, ನಿನ್ನ ಗಂಟೇನು ಹೋಗುತ್ತದೆ ಅಂತ ಒಳಗೊಳಗೇ ಕೂಗಿಕೊಂಡೆ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ, ಚಹಾ ಬೇಕು ಅಂದ. ದೀನಾ ಚಹಾ ಮಾಡಿಕೊಟ್ಟಳು. ಸಕ್ಕರೆ ಹಾಕಿ ಕಲಕಿ ಬಟ್ಟಲನ್ನು ಕೈಗೆ ಸಿಗುವಂತೆ ಇಟ್ಟು ಹೋದಳು. ಅದೇ ವಾರ ಜೋನಸ್ ಸತ್ತ.

ಮಣ್ಣಿಗೆ ಊರಿಗೆ ಊರೇ ಬಂತು. ಪರ್ಸಿವಲ್‌ಗೆ ಮಂಡಿನೋವು, ಬರಲಿಲ್ಲ, ಹೂವು ಕಳಿಸಿದ್ದ. ಪೆಟ್ಟಿಗೆಯನ್ನು ಅಕ್ಕಪಕ್ಕದವರು ಹೊತ್ತು ಗೇಟಿಗೆ ತಂದರು. ವಿಲ್ಫ್ ಗಾಡಿ ಹಿಡಿದು ನಿಂತಿದ್ದ. ಆಗ ಎಡ್ವಿನ್ ಮುಂದೆ ಬಂದ, ಹಿಂದೆ ಗೈ, ಅವನ ಹಿಂದೆ ಆನಿಸ್, ರೂತ್. ಹೆಣ್ಣುಮಕ್ಕಳು ಹೆಗಲು ಕೊಟ್ಟಿದ್ದು ನಮ್ಮಲ್ಲಿ ಇಲ್ಲ, ಆದರೂ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಮುಂದಿನ ತುದಿಗೆ ಎಡ್ವಿನ್ ಹೆಗಲು ಬಗ್ಗಿಸಿದ.

"ಬಿಡು" ಅಂದಳು ದೀನಾ.

"ಅಮ್ಮ, ಸತ್ತವರ ಮೇಲೆ ಎಂಥ ಸಿಟ್ಟು. ಮುಗೀತಲ್ಲ."

"ನಿನಗೆ ಮುಗೀತು, ಸಂತೋಷ. ಅವನು ಕೇಳಲಿಲ್ಲ. ಕೇಳದವನಿಗೆ ಹೆಗಲು ಕೊಡಬೇಡ. ಒಂದು ಸಲ ನೂಕಿಸಿಕೊಂಡಿದ್ದು ಸಾಕು."

ಎಡ್ವಿನ್ ಪಕ್ಕಕ್ಕೆ ಸರಿದ. ಪೆಟ್ಟಿಗೆಯನ್ನು ಗಾಡಿ ಮೇಲೆ ಇಟ್ಟರು. ವಿಲ್ಫ್ ಹಿಡಿಗೆ ಕೈಹಾಕಿದ. ದೀನಾ ಹೋಗಿ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು.

"ಪರರ ಕೈಲಿ ಬೇಡ. ನಾನು ತಳ್ತೀನಿ."

ಎಂಬತ್ತರ ಹತ್ತಿರದ ಹೆಂಗಸು ಬಗ್ಗಿ ತಳ್ಳಿದಳು. ಚಕ್ರ ಕಿರುಗುಟ್ಟಿತು. ಹಳೇ ಮರದ ತಿರುವಿನಲ್ಲಿ ಗಾಡಿ ಹೂತುಕೊಂಡಿತು, ಅವಳಪ್ಪನ ಗಾಡಿ ಹೂತ ಜಾಗದಲ್ಲೇ. ನಾವು ಯಾರೂ ಮುಂದೆ ಹೋಗಲಿಲ್ಲ, ಹೋಗುವ ಹಕ್ಕು ನಮಗಿರಲಿಲ್ಲ. ಎಡ್ವಿನ್ ಸುಮ್ಮನೆ ಬಂದು ಅಮ್ಮನ ಪಕ್ಕ ಹಿಡಿಗೆ ಕೈಕೊಟ್ಟ. ಈ ಸಲ ಅವಳು ಬಿಡು ಅನ್ನಲಿಲ್ಲ. ಇಬ್ಬರೂ ತಳ್ಳಿದರು, ಚಕ್ರ ಕೆಸರಿನಿಂದ ಮೇಲೆದ್ದಿತು.

ಗುಂಡಿಯ ಅಂಚಿನಲ್ಲಿ ಅವಳು ಕೈಯ ಮಣ್ಣನ್ನು ಕೋಟಿಗೆ ಒರೆಸಿಕೊಂಡು ಪೆಟ್ಟಿಗೆಯ ಕಡೆ ಬಗ್ಗಿದಳು. ಪಕ್ಕದಲ್ಲಿದ್ದ ನನಗೆ ಕೇಳಿಸಿತು.

"ಎಡ್ವಿನ್ ಸ್ಕೆಲ್‌ಗಾರ್ತ್" ಅಂದಳು. "ಇಷ್ಟೇ ಕಣೋ ಇದ್ದಿದ್ದು. ಇಷ್ಟನ್ನ ನೀನು ಹೇಳಿದ್ದಿದ್ರೆ, ಮುಂದಿನ ತುದಿಗೆ ನಾನೇ ಹೆಗಲು ಕೊಡ್ತಿದ್ದೆ."