ತವರಿನ ಬಾಗಿಲಿಗೆ ಎಣ್ಣೆ

ರೆಸಿನ್ ಸುರಿಯುವುದು ದೊಡ್ಡ ವಿದ್ಯೆಯಲ್ಲ. ಡಬ್ಬಿಯ ಮೇಲೆ ಬರೆದಂತೆ ಆ ಅಂಟನ್ನು ಕಲಸಿ ಮರದ ಮೇಲೆ ಸುರಿದರೆ ಆಯಿತು, ಗಾಜಿನಂತೆ ಗಟ್ಟಿಯಾಗುತ್ತದೆ. ನಿಜವಾದ ಕೆಲಸವೆಲ್ಲ ಅದಕ್ಕೆ ಮೊದಲೇ ಇರುತ್ತದೆ. ಮರ ಚೆನ್ನಾಗಿ ಒಣಗಿರಬೇಕು, ಉಪ್ಪುಕಾಗದದಲ್ಲಿ ಉಜ್ಜಿ ದೂಳು ತೆಗೆದಿರಬೇಕು, ಮೇಲಾಗಿ ಎಣ್ಣೆಯ ಪಸೆ ಒಂದಿಷ್ಟೂ ಇರಬಾರದು. ಪಸೆ ಇದ್ದರೆ ರೆಸಿನ್ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ತಲೆನೋವಿಗೂ ತುಕ್ಕು ಹಿಡಿದ ಬೀಗಕ್ಕೂ ಕೊಬ್ಬರಿ ಎಣ್ಣೆಯನ್ನೇ ಹಚ್ಚುವ ಅರಸೀಕೆರೆಯಲ್ಲಿ ಕೂತು ಈ ಕೆಲಸ ಮಾಡುವವಳು ನಾನು. ಆದರೂ ನನ್ನ ಟೇಬಲ್ಲುಗಳು ಬೇಲೂರಿನ ಹೋಮ್‌ಸ್ಟೇಗಳಲ್ಲಿ ಇವತ್ತಿಗೂ ಕನ್ನಡಿಯಂತೆ ಹೊಳೆಯುತ್ತಿವೆ. ಜಂಬ ಎಂದುಕೊಂಡರೆ ಎಂದುಕೊಳ್ಳಿ.

ಹೋದ ವರ್ಷ ಹುಲಿಕೆರೆಯಲ್ಲಿ ನಮ್ಮತ್ತೆಯ ತಮ್ಮ ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಹೊರಟರು. ಅತ್ತೆ ಕೇಳಿ ತಂದದ್ದು ಒಂದೇ, ಮುಂಬಾಗಿಲಿನ ಹಲಸಿನ ಹಲಗೆ. ನಡುವೆ ಉದ್ದಕ್ಕೂ ಬಿರುಕು ಬಿಟ್ಟಿತ್ತು.

"ನಂಗೊಂದು ಟೇಬಲ್ ಮಾಡ್ಕೊಡೇ. ಎಲೆ ಅಡಿಕೆ ಇಟ್ಕೊಂಡು ಕುಂತ್ಕೋತೀನಿ" ಎಂದರು.

"ಮೇಲೆಲ್ಲ ಗಾಜಿನ ಥರ ಮುಚ್ಚಿಬಿಡ್ತೀನಿ ಅತ್ತೆ, ಏನೂ ಆಗಲ್ಲ" ಎಂದೆ. ಅವರು ಹ್ಞೂಂಗುಟ್ಟಿದರು.

ಕೆಟ್ಟರೆ ಇನ್ನೊಂದು ಸಿಗುವ ಹಲಗೆಯಲ್ಲ ಅದು. ವಾರವಿಡೀ ಬೇರೆ ಕೆಲಸ ಬದಿಗಿಟ್ಟೆ. ಹಲಸಿನ ಹಳದಿ ಕಾಣುವವರೆಗೂ ಉಜ್ಜಿ, ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಮತ್ತೆ ಮತ್ತೆ ಒರೆಸಿದೆ.

ಶುಕ್ರವಾರ ಬೆಳಿಗ್ಗೆ ರೆಸಿನ್ ಸುರಿಯಲು ಹಿತ್ತಲಿಗೆ ಹೋದರೆ ಕೊಬ್ಬರಿ ಎಣ್ಣೆಯ ವಾಸನೆ. ಹಲಗೆ ಕಪ್ಪಗೆ ಮಿರುಗುತ್ತಿದೆ, ಪಕ್ಕದಲ್ಲಿ ಅತ್ತೆ ಬಟ್ಟಲು ಹಿಡಿದು ಕೂತಿದ್ದಾರೆ. ನನ್ನ ಪಿತ್ತ ನೆತ್ತಿಗೇರಿತು.

"ಎಣ್ಣೆ ಮುಟ್ಟಿಸ್ಬೇಡಿ ಅಂತ ಅಷ್ಟು ಬಾಯಿ ಬಡ್ಕೊಂಡ್ನಲ್ಲ ಅತ್ತೆ!"

"ನೀನು ಹೇಳಿದ್ದೆ ಕಣೇ. ನೆಪ್ಪೈತೆ."

"ಮತ್ಯಾಕೆ ಹಚ್ಚಿದ್ರಿ?"

ಅವರು ಹಲಗೆಯ ಮೇಲಿಂದ ಕೈ ತೆಗೆಯಲಿಲ್ಲ. "ಸುಕ್ರವಾರ ಬಂದ್ರೆ ನಮ್ಮವ್ವ ಈ ಬಾಗಿಲಿಗೆ ಎಣ್ಣೆ ಹಚ್ಚೋಳು. ಅವಳು ಹೋದ್ಮೇಲೆ, ತವರಿಗೆ ಹೋದಾಗೆಲ್ಲ ನಾನು ಹಚ್ಚಿ ಬತ್ತಿದ್ದೆ. ಇವತ್ತು ನೀನು ಗಾಜು ಹುಯ್ದು ಮುಚ್ಚಿಬಿಡ್ತೀಯ. ಇನ್ನು ನನ್ನ ಕೈಗೆ ಈ ಮರ ಸಿಕ್ತದಾ?"

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ನನಗೆ ಅಳುವೇ ಬಂತು. ಆ ಎಣ್ಣೆ ತೆಗೆಯುವುದು ನನಗೆ ಗೊತ್ತಿಲ್ಲದ ಕೆಲಸವೇನಲ್ಲ. ಮತ್ತೆ ಥಿನ್ನರ್, ಮತ್ತೆ ಉಪ್ಪುಕಾಗದ, ಎರಡು ದಿನ ತಡ, ಅಷ್ಟೇ. ಆದರೆ ಹಾಗೆ ಮಾಡಿದ್ದರೆ ಹಲಗೆಯನ್ನು ಉಳಿಸಿ ಅತ್ತೆಯಿಂದ ಕಿತ್ತುಕೊಂಡಂತಾಗುತ್ತಿತ್ತು.

ಕಡ್ಡಿಗೆ ಬಟ್ಟೆ ಸುತ್ತಿ, ಬಿರುಕಿನ ಒಳಗೂ ಅಂಚಿಗೂ ಮಾತ್ರ ಥಿನ್ನರ್ ಹಾಕಿ ಎಣ್ಣೆ ತೆಗೆದೆ. ಚೆನ್ನಾಗಿ ಒಣಗಿದ ಮೇಲೆ ಬಿರುಕಿಗಷ್ಟೇ ರೆಸಿನ್ ಸುರಿದೆ. ಅದು ಗಟ್ಟಿಯಾದಾಗ ಹಲಗೆಯ ಮಟ್ಟಕ್ಕೆ ಉಜ್ಜಿ, ಕಾಲು ಕೂರಿಸಿ, ಟೇಬಲ್ಲನ್ನು ಜಗಲಿಯಲ್ಲಿಟ್ಟೆ. ಹಲಸಿನ ಮೈಯೆಲ್ಲ ಬಯಲಾಗಿಯೇ ಇತ್ತು.

ಅತ್ತೆ ಸುತ್ತ ಬಂದು ನೋಡಿದರು. "ಅಷ್ಟು ಉಜ್ಜಿದ್ದೆಲ್ಲ ದಂಡ ಆಯ್ತಲ್ಲವ್ವಾ" ಎಂದರು ಮೆಲ್ಲಗೆ.

"ಯಾಕೆ ದಂಡ? ಉಜ್ಜಿದ ಮರ ಎಣ್ಣೆ ಚೆನ್ನಾಗಿ ಕುಡಿಯುತ್ತೆ. ಹಚ್ಚಿ ನೋಡಿ."

ಅತ್ತೆ ಒಳಗೆ ಹೋಗಿ ಎಣ್ಣೆ ಬಟ್ಟಲನ್ನೂ ಒಂದು ಬಟ್ಟೆಚೂರನ್ನೂ ತಂದರು. ಬಟ್ಟೆಯನ್ನು ಪಕ್ಕಕ್ಕಿಟ್ಟು ಬರಿಗೈಯಲ್ಲೇ ಹಚ್ಚತೊಡಗಿದರು.