ಕಮಲಾಪುರದವರೆಗೆ ಕಾಯಿಸಿದ ಇಂಜಿನ್

ಜನವರಿಯ ಒಂದು ರವಿವಾರ ಬೆಳಿಗ್ಗೆ ಕಲಬುರಗಿಯ ಖೂಬಾ ಪ್ಲಾಟಿನಿಂದ ನಾನು, ಅಕ್ಕ, ಅವಳ ಮಗ ಕಮಲಾಪುರಕ್ಕೆ ಹೊರಟೆವು. ಅಲ್ಲಿ ನಮಗೆ ಕೆಲಸವೇನೂ ಇರಲಿಲ್ಲ, ಕೆಲಸವಿದ್ದದ್ದು ದಾರಿಯಲ್ಲಿ. ಅಕ್ಕ ಶಾಂತಾಬಾಯಿಯ ಮನೆಯ ಹಳೆಯ ಅಂಬಾಸಿಡರ್ ಕಾರಿನ ಇಂಜಿನ್ ಉಳಿದಿದೆಯೋ ಇಲ್ಲವೋ ಎಂಬುದು ನಲವತ್ತಕ್ಕೆ ತುಸು ಕಡಿಮೆ ಕಿಲೋಮೀಟರಿನ ಆ ದಾರಿಯಲ್ಲಿ ಗೊತ್ತಾಗಬೇಕಿತ್ತು.

ಕಾರು ಅಕ್ಕನ ಗಂಡನದು. ಮಾವ ತೀರಿಕೊಂಡು ವರ್ಷ ದಾಟಿದೆ. ಹಿಂದಿನ ವಾರ ಅವರ ಮಗ ಬಸವರಾಜ ಇಂಜಿನ್ನಿಗೆ ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಅದರ ಒಳಮೈಗೆ ಹಾಲಿನ ಕೆನೆಯಂಥದ್ದು ಮೆತ್ತಿಕೊಂಡಿತ್ತು. ಗಾಜಿಪುರದಿಂದ ಬಂದ ರಫೀಕ್ ಮಿಸ್ತ್ರಿ ಅಳತೆಕಡ್ಡಿ ಎಳೆದು ನೋಡಿದರು. ಕೆಳಗಿನ ಎಣ್ಣೆ ತಿಳಿಯಾಗಿಯೇ ಇತ್ತು. ಎಣ್ಣೆಗೆ ನೀರು ಕೂಡಿದರೆ ಹೀಗೆ ಬೆಳ್ಳಗಾಗುತ್ತದೆ, ಆ ನೀರು ಎಲ್ಲಿಂದ ಬಂತೆಂಬುದನ್ನು ಕಂಡುಹಿಡಿಯಬೇಕು ಎಂದರು.

“ರೇಡಿಯೇಟರ್ ಗಂಟಲತನಕ ತುಂಬ್ಕೊಂಡು ದೂರ ಹೋಗ್ರಿ. ಇಂಜಿನ್ ಛಲೋತಂಗ ಕಾಯಲಿ. ಆರಿದ ಮ್ಯಾಲ ನೀರು ಕಮ್ಮಿ ಆಗಿದ್ರ ಗ್ಯಾಸ್ಕೆಟ್ ಹೋಗ್ಯಾದ, ಇಲ್ಲಾ ಇಂಜಿನ್ನಿನ ಬ್ಲಾಕೇ ಸೀಳ್ಯಾದ. ಕಮ್ಮಿ ಆಗ್ಲಿಲ್ಲಂದ್ರ ಬರೇ ಒಳಗಿನ ಹಸಿ.”

ಕಾರನ್ನು ಚಾಲೂ ಮಾಡುತ್ತೀರಾ ಎಂದೂ ಅವರು ಕೇಳಿದ್ದರು. ಒಂದು ಸೋಮವಾರವನ್ನೂ ತಪ್ಪಿಸಿಲ್ಲ ಎಂದು ಅಕ್ಕ ಹೇಳಿದ್ದಳು. ಬ್ಲಾಕ್ ಸೀಳಿದ್ದರೆ ಕಾರು ಗುಜರಿಗೆ ಎಂದು ತಾಯಿ-ಮಗನ ನಡುವೆ ಮಾತಾಗಿತ್ತು. ಅಕ್ಕ ಒಪ್ಪಿದ್ದಳು. ಅಂದಿನಿಂದ ಕಾರಿನ ಹತ್ತಿರ ಹೋಗಿರಲಿಲ್ಲ.

ಹೊರಡುವ ಹೊತ್ತಿಗೆ ಇನ್ನೊಂದು ತೊಡಕು ಎದುರಾಯಿತು. ಮಾವನ ಸೀಟಿನಲ್ಲಿ ಅವರ ನಂತರ ಯಾರೂ ಕೂತಿರಲಿಲ್ಲ. ಬಸವರಾಜನೂ ಸೋಮವಾರ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುವುತ್ತಿದ್ದ. ಅಕ್ಕ ಸೀಟಿನ ಮೇಲಿದ್ದ ಮಾವನ ಟವೆಲ್ ತೆಗೆದು ಮಡಚಿ ತನ್ನ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. “ನೀನೇ ಕೂಡು,” ಎಂದು ನನಗೆ ಹೇಳಿದಳು.

ಊರಂಚಿನಲ್ಲಿ ನಿಲ್ಲಿಸಿ ಚುರುಮುರಿಯ ಸೂಸಲಾ, ಮಿರ್ಚಿ ಭಜಿ ತಿಂದೆವು. ಅಕ್ಕ ಚಹಾ ಮಾತ್ರ ಕುಡಿದಳು. ಹುಮನಾಬಾದ್ ರಸ್ತೆ ಹಿಡಿದಾಗಲೂ ಚಳಿ ಬಿಟ್ಟಿರಲಿಲ್ಲ. ಎರಡೂ ಬದಿಯ ಕರಿಮಣ್ಣಿನಲ್ಲಿ ಕೊಯ್ದ ತೊಗರಿಯ ಕೂಳೆ, ಅದರಾಚೆ ತೆನೆ ಕಟ್ಟಿದ ಬಿಳಿಜೋಳ. ಏರಿನಲ್ಲಿ ನಾನು ಗೇರ್ ಬದಲಿಸಿದಾಗ ಕರಕರ ಸದ್ದಾಯಿತು.

“ಅವರಿದ್ದಿದ್ರ ಈ ಸಪ್ಪಳಕ್ಕ ನಿನ್ನ ಇಲ್ಲೇ ಇಳಿಸಿ ಹೋಗತಿದ್ರು,” ಎಂದಳು ಅಕ್ಕ. ಬಸವರಾಜ ನಕ್ಕ. ಅವನ ಕಣ್ಣು ಮಾತ್ರ ಇಂಜಿನ್ನಿನ ಕಾವು ತೋರಿಸುವ ಮುಳ್ಳಿನ ಮೇಲೇ ಇತ್ತು. ಮುಳ್ಳು ಮೆಲ್ಲಗೆ ನಡುವಿಗೆ ಬಂದು ನಿಂತಿತು, ಮೇಲೇರಲಿಲ್ಲ.

ಕಮಲಾಪುರ ಹತ್ತಿರವಾದಂತೆ ಮಣ್ಣು ಕೆಂಪಾಯಿತು. ಬಸ್ ನಿಲ್ದಾಣದಾಚೆ ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದೆವು. ಇಂಜಿನ್ ಆರುವವರೆಗೆ ಕಾಯಬೇಕಿತ್ತು. ಎದುರಿನ ಗಾಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಹೆಂಗಸು, ಕಾರು ಕೆಟ್ಟಿದೆಯೇ ಎಂದು ವಿಚಾರಿಸಿದಳು. ಇನ್ನೂ ಗೊತ್ತಿಲ್ಲ ಎಂದೆ. ಅಕ್ಕ ಕಾರಿನಿಂದ ಇಳಿಯಲಿಲ್ಲ.

ಕೊನೆಗೆ ಬಸವರಾಜ ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುವಿದ. ನೀರು ಗಂಟಲಲ್ಲೇ ಇತ್ತು. ಎಣ್ಣೆಯ ಮುಚ್ಚಳದಲ್ಲಿ ಕೆನೆ ಹೆಚ್ಚುಕಡಿಮೆ ಕರಗಿ, ಅಂಚಿನಲ್ಲೊಂದು ತೆಳು ಗೆರೆ ಉಳಿದಿತ್ತು. ಅಳತೆಕಡ್ಡಿಯ ಎಣ್ಣೆ ಬೆಳಗಿನಷ್ಟೇ ತಿಳಿ. ಅವನು ಮಿಸ್ತ್ರಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದ.

ಇಂಜಿನ್ನಿಗೆ ಏನೂ ಆಗಿಲ್ಲ ಎಂದರು ಮಿಸ್ತ್ರಿ. ಆಮೇಲೆ ಕೇಳಿದರು: “ಸೋಮವಾರ ಚಾಲೂ ಮಾಡ್ತೀವಿ ಅಂದಿದ್ರಲ್ಲ, ಎಷ್ಟೊತ್ತು ಇಡ್ತೀರಿ?”

ಬಸವರಾಜ ತಾಯಿಯ ಕಡೆ ನೋಡಿದ. ಸೋಮವಾರ ಕಾರಿನ ಮುಂದೆ ಆರತಿ ಬೆಳಗುವವಳು ಅವಳು.

“ಕರ್ಪೂರ ಆರೋತನ,” ಎಂದಳು ಅಕ್ಕ.

ಮಿಸ್ತ್ರಿ ದನಿ ತಗ್ಗಿಸಿ ಹೇಳಿದರು: “ಅಮ್ಮಾರ, ಅಷ್ಟರಾಗ ಇಂಜಿನ್ ಕಾಯೋದಿಲ್ಲರಿ. ಒಳಗಿನ ಹಸಿ ಹೊರಗ ಹೋಗೋದರಾಗ ನೀವು ಬಂದ್ ಮಾಡ್ತೀರಿ. ಅದು ಅಲ್ಲೇ ಕೂಡತದ. ಹಂಗ ಮಾಡಬ್ಯಾಡ್ರಿ. ಓಡಸ್ರಿ, ಇಲ್ಲಾ ಸುಮ್ಮ ಬಿಡ್ರಿ.”

ಬಸವರಾಜ ಫೋನ್ ಇಟ್ಟ. ಅಕ್ಕ ತೊಡೆಯ ಮೇಲಿನ ಟವೆಲ್ ಬಿಚ್ಚಿ ಮತ್ತೆ ಮಡಚಿದಳು. “ಉಳಸ್ಬೇಕಂತ ಮಾಡಿದ್ದೆ,” ಎಂದಳು.

ಕೆಂಪು ಬಾಳೆಹಣ್ಣು ಕೊಂಡು ಹಿಂದಿರುಗಿದೆವು. ಬರುವಾಗ ಬಸವರಾಜ ಓಡಿಸಿದ. ಅಕ್ಕ ಅವನ ಪಕ್ಕದಲ್ಲಿ ಕೂತಳು, ಟವೆಲ್ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿತ್ತು. ನಾಳೆ ಸೋಮವಾರ, ಕಾಲೇಜು ಬಿಟ್ಟ ಮೇಲೆ ಬರುತ್ತೇನೆ, ಸಂಜೆ ಹೋಗೋಣ ಎಂದು ಅವನು ಹೇಳಿದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ.

ಖೂಬಾ ಪ್ಲಾಟಿನ ಗೇಟಿನೊಳಗೆ ಇಂಜಿನ್ ಬಂದ್ ಮಾಡಿ, ಅವನು ಎಂದಿನಂತೆ ಹೊದಿಕೆ ತಂದ. ಅಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು. ವರ್ಷದ ಮೇಲೆ ಎಷ್ಟೋ ಸೋಮವಾರ ಅವಳು ಹಾಗೆ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಾಳೆ, ಒಮ್ಮೆಯೂ ಅದು ಹೀಗೆ ಕಾದಿರಲಿಲ್ಲ.

“ಈಗ ಹೊಚ್ಚಬ್ಯಾಡ,” ಎಂದಳು. “ಬಿಸಿ ಅದ.”

ನಾನು ಗೇಟು ದಾಟಿ ತಿರುಗಿ ನೋಡಿದಾಗಲೂ ಆ ಕೈ ಅಲ್ಲೇ ಇತ್ತು.